ಅಪ್ಪ ತಲೆ ಎಣಿಸದ ದಿನ

"ಮುಂದೆ ಹೋಗಿ, ಮುಂದೆ ಹೋಗಿ! ಒಳಗೆ ಫುಟ್‌ಬಾಲ್ ಆಡೋಷ್ಟು ಜಾಗ ಇದೆ!"

ಅಪ್ಪ ಹೀಗೆ ಕೂಗಿದ್ದು ಬಸ್ಸಿನಲ್ಲಲ್ಲ, ಹೋಟೆಲಿನ ಲಿಫ್ಟಿನ ಬಾಗಿಲಲ್ಲಿ.

ಲಿಫ್ಟ್ ಇದ್ದದ್ದೇ ಬಟ್ಟೆಯ ಬೀರುವಿನಷ್ಟು. ಅದರೊಳಗೆ ಆಗಲೇ ಟೈ ಕಟ್ಟಿಕೊಂಡ ಇಬ್ಬರು ಅಂಕಲ್‌ಗಳು, ಅವರ ಹೊಟ್ಟೆಯಷ್ಟೇ ದಪ್ಪದ ಎರಡು ಸೂಟ್‌ಕೇಸ್‌ಗಳು, ಮೂಲೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಒಬ್ಬ ಹುಡುಗಿ. ಅಪ್ಪನ ದನಿಗೆ ಎಲ್ಲರೂ ಬೆಚ್ಚಿ ಗೋಡೆಗೆ ಅಂಟಿಕೊಂಡರು. ಸೂಟ್‌ಕೇಸ್‌ಗಳು ಕೂಡ ಹೊಟ್ಟೆ ಒಳಕ್ಕೆಳೆದುಕೊಂಡ ಹಾಗೆ ಕಂಡವು.

"ಹಾಂ, ಹಾಗೆ! ಅಮ್ಮಾ, ನೀನು ಹತ್ತು" ಎಂದು ಅಪ್ಪ ತನ್ನ ತಾಯಿಯನ್ನು, ಅಂದರೆ ಅಜ್ಜಿಯನ್ನು, ಮೊದಲು ಒಳಗೆ ಬಿಟ್ಟ. ಅಜ್ಜಿಯ ಹಿಂದೆ ಅಮ್ಮ. ಅಮ್ಮನ ಹಿಂದೆ ಮಗಳು ಅರ್ಧಟಿಕೆಟ್. ಆಮೇಲೆ ಒಬ್ಬೊಬ್ಬರ ತಲೆಯತ್ತ ಬೆರಳು ತೋರಿಸಿ, "ಒಂದು, ಎರಡು, ಮೂರು. ನಾನು ನಾಲ್ಕು. ರೈಟ್!" ಎಂದು ಲಿಫ್ಟಿನ ಗೋಡೆಗೆ ಅಂಗೈಯಿಂದ ಎರಡು ಏಟು ಕೊಟ್ಟ.

ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ಮುಚ್ಚಿ ಲಿಫ್ಟ್ ಇಳಿಯತೊಡಗಿತು.

"ಒಳ್ಳೇ ಗಾಡಿ. ಹೇಳಿದ ಮಾತು ಕೇಳುತ್ತೆ" ಎಂದ ಅಪ್ಪ.

ಕೂಲಿಂಗ್ ಗ್ಲಾಸ್ ಹುಡುಗಿ ಕಿಸಕ್ಕನೆ ನಕ್ಕಳು. ಈ ಲಿಫ್ಟ್ ಕೆಳಗಿನ ಮಹಡಿಯಲ್ಲಿ ನಿಲ್ಲದೆ ಹಾಗೇ ಭೂಮಿಯ ಒಳಕ್ಕೆ ಹೋಗಿಬಿಡಬಾರದೇ ಅನ್ನಿಸಿತು ಅರ್ಧಟಿಕೆಟ್‌ಗೆ.

ಅವಳಿಗೊಂದು ಚಂದದ ಹೆಸರಿದೆ. ಆದರೆ ಅದನ್ನು ಬಳಸುವುದು ಶಾಲೆಯಲ್ಲಿ, ಹಾಜರಿ ಕೂಗುವಾಗ ಮಾತ್ರ. ಮನೆಯವರಿಗೆಲ್ಲ ಅವಳು ಅರ್ಧಟಿಕೆಟ್. ಬಸ್ ಕಂಡಕ್ಟರನ ಮಗಳಾಗಿ ಹುಟ್ಟಿದರೆ ಇಂಥದ್ದೆಲ್ಲ ಆಗುತ್ತದೆ.

ಅಪ್ಪ ಡ್ಯೂಟಿಯಲ್ಲಿ ಕಂಡಕ್ಟರ್ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಡ್ಯೂಟಿ ಮುಗಿದ ಮೇಲೂ ಅವನು ಕಂಡಕ್ಟರೇ. ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಬಂದವನು ಬಾಗಿಲಲ್ಲಿ ನಿಂತು, "ಮೊದಲು ಇಳಿಯೋರಿಗೆ ದಾರಿ ಬಿಡ್ರಪ್ಪಾ" ಎಂದು ಎಲ್ಲರ ಅಪ್ಪ ಅಮ್ಮಂದಿರನ್ನೂ ಸಾಲು ನಿಲ್ಲಿಸಿದ್ದ. ಹೆಡ್‌ಮಿಸ್ ಕೂಡ ಸಾಲಿನಲ್ಲಿ ನಿಂತುಬಿಟ್ಟಿದ್ದರು. ಇನ್ನು ಮನೆಯವರು ಎಲ್ಲಿಗೇ ಹೊರಡಲಿ, ದಂತವೈದ್ಯರ ಹತ್ತಿರಕ್ಕೇ ಆಗಲಿ, ತಲೆ ಎಣಿಸದೆ ಅಪ್ಪ ಹೆಜ್ಜೆ ಎತ್ತುವವನಲ್ಲ.

ಹೋಟೆಲಿನ ಊಟದ ಕೋಣೆಯಲ್ಲಿ ಬ್ರೆಡ್ಡು, ಆಮ್ಲೆಟ್ಟು, ಟೀ ಬಂತು. ಅರ್ಧಟಿಕೆಟ್ ಬ್ರೆಡ್ ಮುಟ್ಟಲಿಲ್ಲ.

"ಅಪ್ಪಾ, ಒಂದು ಮಾತು ಕೇಳ್ತೀಯಾ?"

"ಕೇಳಮ್ಮ."

"ಇವತ್ತೊಂದಿನ ನೀನು ಕಂಡಕ್ಟರ್ ಆಗ್ಬೇಡ."

ಅಪ್ಪನ ಬಾಯಿಯ ಹತ್ತಿರ ಹೋಗಿದ್ದ ಆಮ್ಲೆಟ್ ಅಲ್ಲೇ ನಿಂತಿತು. "ಮತ್ತೇನಾಗ್ಲಿ?"

"ಟೂರಿಸ್ಟ್ ಆಗು."

"ಟೂರಿಸ್ಟ್‌ಗಳು ಏನ್ ಕೆಲಸ ಮಾಡ್ತಾರೆ?"

"ಏನೂ ಮಾಡಲ್ಲ. ಸುಮ್ನೆ ನೋಡ್ತಾರೆ. ಕೂಗಲ್ಲ, ಗೋಡೆಗೆ ಹೊಡೆಯಲ್ಲ, ತಲೆ ಎಣಿಸಲ್ಲ."

"ತಲೆನೂ ಎಣಿಸಬಾರದಾ?"

"ಅದನ್ನಂತೂ ಎಣಿಸಲೇಬಾರದು! ನಾವೇನು ಕುರೀನಾ?"

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ನಗು ತಡೆದುಕೊಂಡು, "ಒಂದಿನ ತಾನೇ. ಹೂಂ ಅನ್ನಿ. ನಂಗೂ ಸ್ವಲ್ಪ ಕಿವಿಗೆ ರೆಸ್ಟ್" ಎಂದಳು.

ಟೀಯಲ್ಲಿ ಬ್ರೆಡ್ ಅದ್ದುತ್ತಿದ್ದ ಅಜ್ಜಿ ಒಂದು ಗಳಿಗೆ ಕೈ ನಿಲ್ಲಿಸಿ, ಮಗನನ್ನೂ ಮೊಮ್ಮಗಳನ್ನೂ ಓರೆಗಣ್ಣಲ್ಲಿ ನೋಡಿದಳು. ಅಷ್ಟರಲ್ಲಿ ಬ್ರೆಡ್ ಕರಗಿ ಟೀಯೊಳಗೆ ಮುಳುಗಿಹೋಯಿತು.

"ಆಯ್ತು. ಟೂರಿಸ್ಟೇ ಆಗೋಣ" ಎಂದ ಅಪ್ಪ.

ಈ ಪ್ರವಾಸ ಅವನ ಬಹಳ ವರ್ಷಗಳ ಆಸೆ. ಅಪ್ಪನ ಬಸ್ಸು ಮಾರ್ಕೆಟ್‌ನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮಾರ್ಕೆಟ್‌ಗೆ ಓಡುತ್ತದೆ, ಅಷ್ಟೇ. "ದಿನಾ ಇಷ್ಟು ದೂರ ಓಡ್ತೀನಿ, ಒಂದ್ಸಲನೂ ಸಮುದ್ರ ಮುಟ್ಟಲಿಲ್ಲ ನೋಡು" ಎಂದು ಆಗಾಗ ಹೇಳುತ್ತಿದ್ದ. ಅಂತೂ ಈ ಸಲ ರಜೆ ಸಿಕ್ಕಿತ್ತು. ರಾತ್ರಿಯಿಡೀ ರೈಲಿನಲ್ಲಿ ಕೂತು ಈ ದೊಡ್ಡ ಬಂದರಿನ ಊರಿಗೆ ಬಂದಿದ್ದರು. ಹೋಟೆಲಿನವನು ಸಮುದ್ರ ಕಾಣುವ ರೂಮು ಅಂದಿದ್ದ. ಕಿಟಕಿ ತೆಗೆದರೆ ಕಂಡದ್ದು ಪಕ್ಕದ ಕಟ್ಟಡದ ನೀರಿನ ಪೈಪು. ಹೀಗಾಗಿ ಊರಿಗೆ ಬಂದರೂ ಅಪ್ಪನಿಗೆ ಸಮುದ್ರ ಬಾಕಿಯೇ ಇತ್ತು.

ಅಜ್ಜಿಯ ಗತ್ತಂತೂ ಕೇಳಬೇಡಿ. ಹೊರಡುವ ಮುಂಚೆ ಬೀದಿಗೆಲ್ಲ ಡಂಗುರ ಹೊಡೆದಿದ್ದಳು. ಹಾಲಿನವನಿಗೆ, ಟೈಲರಿಗೆ, ಎದುರು ಮನೆಯವರಿಗೆ, ಎದುರು ಮನೆಯವರ ನೆಂಟರಿಗೆ. "ನಾನು ದೋಣಿ ಹತ್ತಿ ಸಮುದ್ರದ ನಡುವಿಗೇ ಹೋಗಿ ಬರ್ತೀನಿ. ನಿಮ್ಗೇನು ಬೇಕು ಅಲ್ಲಿಂದ?" ಎಂದು ಕೇಳಿದ್ದಳು. ಸಮುದ್ರದ ನಡುವೆ ಅಂಗಡಿ ಇರುವ ಹಾಗೆ.

ಬಂದರಿನ ರಸ್ತೆಯಲ್ಲಿ ಅಪ್ಪ ಟೂರಿಸ್ಟ್ ಆಗಿ ನಡೆದ. ಕೈ ತಾನಾಗೇ ಮೇಲೇಳದಿರಲಿ ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಎದುರಿಗೊಂದು ಸಿಟಿ ಬಸ್ಸು ಬಂತು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು, ಒಳಗೆ ನಡುಭಾಗ ಪೂರ್ತಿ ಖಾಲಿ. ಅಪ್ಪನ ಗಂಟಲಿನಿಂದ 'ಮುಂ...' ಎಂಬ ಸದ್ದು ಹೊರಟಿತು. ಅರ್ಧಟಿಕೆಟ್ ತಿರುಗಿ ನೋಡಿದಳು. ಅಪ್ಪ ಅದನ್ನು ಕೆಮ್ಮಾಗಿ ಬದಲಾಯಿಸಿದ.

ದೋಣಿ ನಿಲ್ಲುವ ಧಕ್ಕೆಯಲ್ಲಿ ಜನವೋ ಜನ. ಡೀಸೆಲ್ ವಾಸನೆ, ಮೀನಿನ ವಾಸನೆ, ಅವೆರಡೂ ಸಾಲದು ಅಂತ ಯಾರದೋ ಸೆಂಟಿನ ವಾಸನೆ. ದೂರದಲ್ಲಿ ಜಿರಾಫೆಗಳ ಹಾಗೆ ನಿಂತ ಕ್ರೇನ್‌ಗಳು. ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಕಂಟೇನರ್‌ಗಳು. ಪ್ರವಾಸಿಗರ ದೋಣಿ ನೀರಿನ ಮೇಲೆ ಏರುತ್ತ ಇಳಿಯುತ್ತ, ಧಕ್ಕೆಗೆ ಕಟ್ಟಿದ ಹಳೇ ಟೈರುಗಳಿಗೆ ಗುದ್ದಿ 'ಧಡ್, ಧಡ್' ಅನ್ನುತ್ತಿತ್ತು.

"ನನ್ನ ಫೋನ್ ನಿನ್ನ ಚೀಲದಲ್ಲಿ ಇಟ್ಕೊಳ್ಳಮ್ಮ. ನೀರಿಗೆ ಗೀರಿಗೆ ಬಿದ್ದೀತು" ಎಂದು ಅಜ್ಜಿ ಸೊಸೆಯ ಕೈಗೆ ಕೊಟ್ಟಳು. ತನ್ನ ಕೆಂಪು ಕೊಡೆಯನ್ನು ಮಾತ್ರ ಕಂಕುಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಸಾಲು ಮುಂದಕ್ಕೆ ನುಗ್ಗಿತು. ಧಕ್ಕೆಗೂ ದೋಣಿಗೂ ನಡುವೆ ಒಂದು ಹಲಗೆ. ಅರ್ಧಟಿಕೆಟ್ ಮುಂದಿನ ಸೀಟಿನ ಆಸೆಗೆ ಮೊದಲೇ ಓಡಿ ದಾಟಿದಳು. ನೋಡಿದರೆ ಪಕ್ಕದಲ್ಲೇ ಕೂಲಿಂಗ್ ಗ್ಲಾಸ್ ಹುಡುಗಿ! ಕೊರಳಲ್ಲಿ ಬೈನಾಕ್ಯುಲರ್ ಬೇರೆ.

ಹಿಂದಿನಿಂದ ಅಮ್ಮ ಬಂದಳು. ಅಪ್ಪ ಹಲಗೆ ದಾಟಿ ದೋಣಿಗೆ ಕಾಲಿಟ್ಟವನೇ, ಅಭ್ಯಾಸ ಬಲದಿಂದ ಗಕ್ಕನೆ ಹಿಂದಿರುಗಿ ನಿಂತ. ಬೆರಳು ಮೇಲೆದ್ದಿತು. "ಒಂದು..."

"ಅಪ್ಪಾ!" ಎಂದಳು ಅರ್ಧಟಿಕೆಟ್, ಹಲ್ಲು ಕಚ್ಚಿ.

ಕೂಲಿಂಗ್ ಗ್ಲಾಸ್ ಹುಡುಗಿ ನೋಡುತ್ತಿದ್ದಳು. ಅಪ್ಪ ಎತ್ತಿದ ಬೆರಳಿನಿಂದ ಕಿವಿ ಕೆರೆದುಕೊಂಡು, ಬಂದು ಸುಮ್ಮನೆ ಕೂತ. ಹಲಗೆ ಎಳೆದರು. ಹಗ್ಗ ಬಿಚ್ಚಿದರು. ದೋಣಿ ಗುಡುಗುಡು ಅನ್ನುತ್ತ ಹೊರಟಿತು.

"ರೀ, ನಿಮ್ಮಮ್ಮನ್ನ ಕಿಟಕಿ ಪಕ್ಕ ಕೂರ್ಸಿದ್ರಾ?" ಎಂದಳು ಅಮ್ಮ.

"ನಾನಾ? ನಿನ್ನ ಜೊತೆ ಇದ್ಲಲ್ಲ!"

"ನನ್ ಜೊತೆ ಎಲ್ಲಿ? ನೀವು ಕೈ ಹಿಡ್ಕೊಂಡಿದ್ರಿ!"

"ನಾನು ಕೈ ಬೆನ್ನ ಹಿಂದೆ ಕಟ್ಕೊಂಡಿದ್ದೆ ಕಣೇ!"

ಮೂವರೂ ಒಟ್ಟಿಗೆ ತಿರುಗಿ ನೋಡಿದರು. ದೂರವಾಗುತ್ತಿದ್ದ ಧಕ್ಕೆಯ ಮೇಲೆ ಒಂದು ಕೆಂಪು ಕೊಡೆ. ಅದು ಅತ್ತಿಂದಿತ್ತ ಜೋರಾಗಿ ಅಲ್ಲಾಡುತ್ತಿತ್ತು.

"ಅಮ್ಮಾ!" ಎಂದು ಕೂಗಿದ ಅಪ್ಪ.

ಅರ್ಧಟಿಕೆಟ್‌ಗೆ ಒಂಥರಾ ಆಯಿತು. ಬಸ್ಸಿನಲ್ಲಿ ಕೂಗುವ ದನಿ ಅದಾಗಿರಲಿಲ್ಲ. ಅವಳ ತರಗತಿಯ ಹುಡುಗರು ಬಿದ್ದು ಮಂಡಿ ಒಡೆದುಕೊಂಡಾಗ ಕೂಗುತ್ತಾರಲ್ಲ, ಹಾಗಿತ್ತು.

ಅಪ್ಪ ಜನರನ್ನು ಸರಿಸಿಕೊಂಡು ದೋಣಿ ನಡೆಸುವವನ ಕೋಣೆಗೆ ಓಡಿದ. "ಡ್ರೈವರ್ ಸಾರ್, ಸ್ಟಾಪ್! ನಮ್ಮಮ್ಮ ಅಲ್ಲೇ ಉಳ್ಕೊಂಡಿದ್ದಾರೆ. ನಿಲ್ಸಿ!"

"ದೋಣಿಗೆ ಬ್ರೇಕ್ ಇರಲ್ಲ ಸಾರ್" ಎಂದ ಅವನು, ಎದುರಿನ ನೀರಿನಿಂದ ಕಣ್ಣು ತೆಗೆಯದೆ.

"ಹಾಗಾದ್ರೆ ರಿವರ್ಸ್ ತಗೊಳ್ಳಿ!"

"ಹಿಂದೆ ನೋಡಿ. ನಮ್ಮ ಜಾಗಕ್ಕೆ ಬೇರೆ ದೋಣಿ ಬಂದು ನಿಂತಾಯ್ತು. ಎದುರಿಗೆ ದೊಡ್ಡ ಹಡಗು ಬೇರೆ ಬರ್ತಿದೆ. ಒಂದು ರೌಂಡ್ ಹೊಡ್ಕೊಂಡೇ ಹೋಗ್ಬೇಕು. ಅಲ್ಲಿ ನಮ್ಮವರು ಇದ್ದಾರೆ, ನೋಡ್ಕೋತಾರೆ. ಎಲ್ಲಿ ಹೋಗ್ತಾರೆ ನಿಮ್ಮ ತಾಯಿ?"

"ನಮ್ಮಮ್ಮ ಎಲ್ಲಿ ಬೇಕಾದ್ರೂ ಹೋಗ್ತಾಳೆ!" ಎಂದ ಅಪ್ಪ ಅಜ್ಜಿಯ ಫೋನಿಗೆ ರಿಂಗ್ ಮಾಡಿದ.

ಅಮ್ಮನ ಚೀಲ ಹಾಡತೊಡಗಿತು.

ಮೈಕು ಹಿಡಿದು ಬಂದರಿನ ಕತೆ ಹೇಳುತ್ತಿದ್ದ ಗೈಡಿಗೆ ವಿಷಯ ಗೊತ್ತಾಯಿತು. ಅವನು ಸಹಾಯ ಮಾಡುತ್ತೇನೆಂದುಕೊಂಡು, "ಮಾನ್ಯ ಪ್ರವಾಸಿಗರೇ, ಬಲಗಡೆ ನಮ್ಮ ಹೆಮ್ಮೆಯ ದೀಪಸ್ತಂಭ. ಎಡಗಡೆ ಕೂತಿರೋ ಕುಟುಂಬದವರು ಅಜ್ಜೀನ ಧಕ್ಕೆ ಮೇಲೆ ಮರೆತು ಬಂದಿದ್ದಾರೆ. ದಯವಿಟ್ಟು ಯಾರೂ ಗಾಬರಿಯಾಗಬೇಡಿ" ಎಂದು ಸಾರಿದ.

ದೀಪಸ್ತಂಭವನ್ನು ಯಾರೂ ನೋಡಲಿಲ್ಲ. ಎಲ್ಲರೂ ಎಡಗಡೆ ನೋಡಿದರು.

"ನಾನೂ ಒಂದ್ಸಲ ನಮ್ಮ ಮಾವನ್ನ ಸ್ಟೇಷನ್‌ನಲ್ಲಿ ಬಿಟ್ಟು ಬಂದಿದ್ದೆ" ಎಂದು ಒಬ್ಬರು ಸಮಾಧಾನ ಹೇಳಿದರು. "ಆದ್ರೆ ಅದು ಮರೆತು ಅಲ್ಲ."

ಅವರ ಹೆಂಡತಿ ಅವರ ಪಕ್ಕೆಗೆ ತಿವಿದರು.

ಕೂಲಿಂಗ್ ಗ್ಲಾಸ್ ಹುಡುಗಿ ಈಗ ಕೂಲಿಂಗ್ ಗ್ಲಾಸ್ ತೆಗೆದಿದ್ದಳು. ಅದಿಲ್ಲದಿದ್ದರೆ ಅವಳೂ ಎಲ್ಲ ಹುಡುಗಿಯರ ಹಾಗೇ ಇದ್ದಳು. "ಅಂಕಲ್, ಇದ್ರಲ್ಲಿ ನೋಡಿ" ಎಂದು ಬೈನಾಕ್ಯುಲರ್ ಕೊಟ್ಟಳು.

ಅಪ್ಪ ಗಬಕ್ಕನೆ ಕಣ್ಣಿಗಿಟ್ಟುಕೊಂಡ. "ಅಯ್ಯೋ! ಇನ್ನೂ ದೂರ ಹೋಗ್ಬಿಟ್ಳು!"

"ಉಲ್ಟಾ ಹಿಡಿದಿದ್ದೀರಿ ಅಂಕಲ್."

ಸರಿಯಾಗಿ ಹಿಡಿಯುವ ಹೊತ್ತಿಗೆ ಬಂದೇಬಿಟ್ಟಿತು ಆ ಹಡಗು. ಏಳೆಂಟು ಮಹಡಿಯ ಕಟ್ಟಡ ಎದ್ದು ನಡೆದುಬಂದ ಹಾಗೆ ಬಂತು. ಅದರ ಹೊಟ್ಟೆಯ ಮೇಲೆ ತುಕ್ಕಿನ ಗೆರೆಗಳು, ತುದಿಯಲ್ಲಿ ಇರುವೆಯಷ್ಟು ಚಿಕ್ಕ ಮನುಷ್ಯ. ದೋಣಿಯವರೆಲ್ಲ "ವಾವ್!" ಎನ್ನುತ್ತ ಎದ್ದು ಫೋಟೋ ಹೊಡೆದರು. ಅಂಥ ಹಡಗನ್ನು ನೋಡಲೆಂದೇ ಅರ್ಧಟಿಕೆಟ್ ರಾತ್ರಿಯಿಡೀ ರೈಲಿನಲ್ಲಿ ನಿದ್ದೆಗೆಟ್ಟು ಬಂದಿದ್ದಳು. ಈಗ ಮಾತ್ರ ಅವಳಿಗೆ ಅದು ಒಂದು ಗೋಡೆ. ಅದರ ಆಚೆ ಅಜ್ಜಿ.

'ಬೇಗ ಹೋಗೋ, ಡುಮ್ಮಾ' ಎಂದು ಹಡಗನ್ನು ಬೈದುಕೊಂಡಳು.

ಅಪ್ಪ ದೋಣಿಯ ಹಿಂಬದಿಯ ಕಂಬಿ ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದೆ ಬಂದರು ಮುಗಿದು ಸಮುದ್ರ ಶುರುವಾಗಿತ್ತು. ಗೈಡ್ ಅದನ್ನೇ ತೋರಿಸಿ ಏನೇನೋ ಹೇಳುತ್ತಿದ್ದ. ಅಪ್ಪ ಒಂದು ಸಲವೂ ಆ ಕಡೆ ತಿರುಗಲಿಲ್ಲ.

ಅರ್ಧಟಿಕೆಟ್ ಹೋಗಿ ಪಕ್ಕದಲ್ಲಿ ನಿಂತಳು.

"ಅಪ್ಪಾ, ನಾನೇ ಎಣಿಸ್ಬೇಡ ಅಂದಿದ್ದು."

"ಹೂಂ."

"ನಂದೇ ತಪ್ಪು."

"ನಿಂದೇನೂ ಅಲ್ಲ. ಡ್ರೈವರ್ ಹೇಳಿದ್ರೂ, ಇನ್ಸ್‌ಪೆಕ್ಟರ್ ಹೇಳಿದ್ರೂ ನಾನು ಎಣಿಸದೆ ರೈಟ್ ಅಂದಿಲ್ಲ. ನಿನ್ ಮಾತು ಅದ್ಯಾಕೆ ಕೇಳಿದ್ನೋ" ಎಂದ ಅಪ್ಪ. ಆಮೇಲೆ ಧಕ್ಕೆಯ ಕಡೆ ನೋಡುತ್ತ, "ಅವಳಿಗೆ ಈ ಊರಲ್ಲಿ ಹೋಟೆಲ್ ಹೆಸರೂ ಗೊತ್ತಿಲ್ಲ" ಎಂದ. ಅದು ಮಗಳಿಗೆ ಹೇಳಿದ್ದಲ್ಲ.

ಅಮ್ಮ ಇವರ ಹಿಂದೆ ಬೆಂಚಿನ ಮೇಲೆ ಕೂತಿದ್ದಳು. ದೋಣಿಯ ಅಲುಗಾಟಕ್ಕೆ ಅವಳ ಮುಖ ಬಿಳಿಚಿಕೊಂಡಿತ್ತು. ಬೈಯಬೇಕೆಂದು ಬಾಯಿ ತೆರೆದರೆ ಬೈಗುಳದ ಬದಲು ಬೇರೇನಾದರೂ ಬಂದೀತೆಂದು ಮುಚ್ಚಿಕೊಂಡಿದ್ದಳು.

ಹಡಗು ಹೋಯಿತು. ಕ್ರೇನ್‌ಗಳು ಹೋದವು. ದೀಪಸ್ತಂಭ ಇನ್ನೊಂದು ಮಗ್ಗುಲಿನಿಂದ ಬಂದು ಹೋಯಿತು. ಕೊನೆಗೂ ಧಕ್ಕೆ ಹತ್ತಿರವಾಯಿತು. ಅಲ್ಲಿ ಕೆಂಪು ಕೊಡೆ ಕಾಣಲಿಲ್ಲ.

ದೋಣಿ ಟೈರಿಗೆ ಗುದ್ದುವ ಮೊದಲೇ, ಹಲಗೆ ಹಾಕುವ ಮೊದಲೇ, ಅಪ್ಪ ಧಕ್ಕೆಗೆ ಹಾರಿದ. "ಚಲಿಸೋ ಗಾಡಿಯಿಂದ ಯಾರೂ ಇಳೀಬೇಡಿ" ಎಂದು ದಿನಕ್ಕೆ ನೂರು ಸಲ ಕೂಗುವ ಅಪ್ಪ!

"ಅಮ್ಮಾ! ಅಮ್ಮಾ!"

"ಯಾಕೋ ಹಾಗೆ ಕಿರಿಚ್ತೀಯಾ? ನಂಗೇನು ಕಿವುಡಾ?"

ಟಿಕೆಟ್ ಕೌಂಟರಿನ ಪಕ್ಕದ ನೆರಳಿನಲ್ಲಿ ಒಂದು ಬೆಂಚು. ಅದರ ಮೇಲೆ ಕಾಲು ಚಾಚಿ, ಮಡಿಸಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಹಾರಾಣಿಯ ಹಾಗೆ ಕೂತಿದ್ದಳು ಅಜ್ಜಿ. ಕೈಯಲ್ಲಿ ಕೋನ್ ಐಸ್‌ಕ್ರೀಮ್. ಮೂಗಿನ ತುದಿಯಲ್ಲಿ ಇನ್ನಷ್ಟು ಐಸ್‌ಕ್ರೀಮ್.

ಅಪ್ಪ ಅವಳ ಮುಂದೆ ಹೋಗಿ ನಿಂತ. ಅಜ್ಜಿಯ ಐಸ್‌ಕ್ರೀಮ್ ಇಲ್ಲದ ಕೈಯ ಮಣಿಕಟ್ಟನ್ನು ಹಿಡಿದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಅಜ್ಜಿ ಮಗನ ಮುಖ ನೋಡಿದಳು. ನಗುತ್ತಿದ್ದ ಅವಳ ಬಾಯಿ ಮೆಲ್ಲನೆ ಮುಚ್ಚಿಕೊಂಡಿತು.

"ಇಲ್ಲೇ ಇದ್ದೆ ಕಣೋ" ಎಂದಳು. "ಎಲ್ಲಿ ಹೋಗ್ತೀನಿ? ಬಿಡು, ಕೈ ನೋಯುತ್ತೆ."

ಅಪ್ಪ ಬಿಡಲಿಲ್ಲ. ಅಜ್ಜಿಯೂ ಎಳೆದುಕೊಳ್ಳಲಿಲ್ಲ. ಐಸ್‌ಕ್ರೀಮ್ ಕರಗಿ ಮೊಣಕೈವರೆಗೂ ಹರಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಮುಖ ತೊಳೆಯಲು ನಲ್ಲಿ ಹುಡುಕಿಕೊಂಡು ಹೋದಳು. ಅಪ್ಪ ಟೀ ತರುತ್ತೇನೆಂದು ಎದ್ದ. ನಾಲ್ಕು ಹೆಜ್ಜೆ ಇಟ್ಟ, ಹಿಂದಿರುಗಿ ನೋಡಿದ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನೋಡಿದ.

ಬೆಂಚಿನ ಮೇಲೆ ಅರ್ಧಟಿಕೆಟ್ ಮತ್ತು ಅಜ್ಜಿ ಇಬ್ಬರೇ ಉಳಿದರು.

"ಅಜ್ಜಿ, ನಿಂಗೆ ತುಂಬಾ ಹೆದರಿಕೆ ಆಯ್ತಾ? ನೀನು ಕೊಡೆ ಬೀಸ್ತಾ ಇದ್ದಿದ್ದು ನೋಡ್ದೆ."

"ಹೆದರಿಕೆ ಎಂಥದ್ದೇ? ನಾನು ಟಾಟಾ ಮಾಡ್ತಿದ್ದೆ."

ಅರ್ಧಟಿಕೆಟ್ ಬಾಯಿ ಬಿಟ್ಟುಕೊಂಡು ನೋಡಿದಳು.

ಅಜ್ಜಿ ಅತ್ತ ಇತ್ತ ಕಣ್ಣಾಡಿಸಿ, ಅವಳ ಕಿವಿಯ ಹತ್ತಿರ ಬಗ್ಗಿದಳು. ಕಿವಿಗೂ ಐಸ್‌ಕ್ರೀಮ್ ಅಂಟಿತು. "ಯಾರಿಗೂ ಹೇಳ್ಬಾರ್ದು. ಹಾಲಿನವನಿಗಂತೂ ಹೇಳಲೇಬಾರ್ದು. ನಂಗೆ ನೀರು ಅಂದ್ರೆ ಜೀವ ಬಾಯಿಗೆ ಬರುತ್ತೆ ಕಣೆ. ದೋಣಿ ಹಾಗೆ ಕುಣಿಯೋದು ನೋಡಿ ಕಾಲು ತಾಳ ಹಾಕೋಕೆ ಶುರುವಾಯ್ತು."

"ಹಾಗಂತ ಹೇಳ್ಬೇಕಿತ್ತಲ್ಲ!"

"ಹೇಳಿದ್ರೆ ನಿಮ್ಮಪ್ಪ ಹತ್ತುತ್ತಿದ್ನಾ? ಅಮ್ಮ ಒಬ್ಳೇ ಇರ್ತಾಳೆ ಅಂತ ನನ್ನ ಪಕ್ಕದಲ್ಲೇ ಕೂತುಬಿಡ್ತಿದ್ದ. ಎಷ್ಟು ವರ್ಷದಿಂದ ಸಮುದ್ರ ಸಮುದ್ರ ಅಂತಿದ್ದ ಪಾಪ. ಬೇರೆ ದಿನ ಆಗಿದ್ರೆ ತಪ್ಪಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ. ಆ ಬೆರಳು ಇದೆಯಲ್ಲ, ಇರುವೇನೂ ಬಿಡಲ್ಲ. ಇವತ್ತು ನೀನು ಎಣಿಸ್ಬೇಡ ಅಂದ್ಯಲ್ಲ, ಆಗ್ಲೇ ಅಂದ್ಕೊಂಡೆ, ಇದೇ ಸಮಯ ಅಂತ. ಹಲಗೆ ಹತ್ರ ಬಂದು ಮೆಲ್ಲಗೆ ಪಕ್ಕಕ್ಕೆ ಸರಿದೆ."

"ಆಮೇಲೆ?"

"ಆಮೇಲೇನು? ಐಸ್‌ಕ್ರೀಮ್. ಇದು ಎರಡನೇದು. ನಿಮ್ಮಮ್ಮನಿಗೆ ಅದನ್ನೂ ಹೇಳ್ಬೇಡ." ಅಜ್ಜಿ ಕೋನಿನ ಅಂಚನ್ನು ಒಂದು ಸುತ್ತು ನೆಕ್ಕಿದಳು. ಆಮೇಲೆ ದನಿ ಸ್ವಲ್ಪ ಸಣ್ಣದಾಯಿತು. "ಅವನು ಇಷ್ಟೊಂದು ಗಾಬರಿ ಬೀಳ್ತಾನೆ ಅಂತ ಅನ್ಕೊಂಡಿರ್ಲಿಲ್ಲ ಕಣೆ. ಇಳಿದು ಬಂದಾಗ ಮುಖ ನೋಡಿದ್ಯಾ ಅವಂದು?"

ಅರ್ಧಟಿಕೆಟ್ ತಲೆಯಾಡಿಸಿದಳು.

"ಹೋಗ್ಲಿ, ಸಮುದ್ರನಾದ್ರೂ ಚೆನ್ನಾಗಿ ನೋಡಿದ್ನಾ? ದೊಡ್ಡ ಹಡಗು ಬಂತಲ್ಲ, ಅದನ್ನ ನೋಡಿದ್ನಾ?"

ಅರ್ಧಟಿಕೆಟ್ ಟೀ ಅಂಗಡಿಯ ಕಡೆ ನೋಡಿದಳು. ಅಪ್ಪ ಸಾಲಿನಲ್ಲಿ ನಿಂತಿದ್ದ. ಅವನ ಹಿಂದೆ ಬಿಸಿಲಿಗೆ ಹೊಳೆಯುವ ನೀರು, ಅದರಾಚೆ ಕ್ರೇನ್‌ಗಳು, ಅದರಾಚೆ ಬಂದರು ಬಿಟ್ಟು ಹೊರಡುತ್ತಿದ್ದ ಇನ್ನೊಂದು ಹಡಗು. ಸಾಲಿನಲ್ಲಿದ್ದವರೆಲ್ಲ ಆ ಹಡಗನ್ನೇ ನೋಡುತ್ತಿದ್ದರು. ಅಪ್ಪ ಒಬ್ಬ ಮಾತ್ರ ಅದಕ್ಕೆ ಬೆನ್ನು ಹಾಕಿ, ಬೆಂಚಿನ ಕಡೆಗೆ ನೋಡುತ್ತ ನಿಂತಿದ್ದ.

"ಹೂಂ ಅಜ್ಜಿ" ಎಂದಳು ಅರ್ಧಟಿಕೆಟ್. "ಕಣ್ಣು ತುಂಬಾ ನೋಡಿದ."

"ಹಾಗಿದ್ರೆ ಸರಿ" ಎಂದು ಅಜ್ಜಿ ಉಳಿದ ಕೋನನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಳು.